ನೋಡ್ ‘ಫೇಲ್ಡ್’ ಅಂದವರು ಯಾರು? ‘ಕಾನ್ಸಲ್ ಡಿಬಗ್’ ಅನ್ನು ಸರಿಯಾದ ಏಜೆಂಟ್ ಮೇಲೆ ಓಡಿಸುವುದು

ಓದುಗರ ಪ್ರಶ್ನೆ: ನಮ್ಮಲ್ಲಿ ಕಾನ್ಸಲ್ (ಯಾವ ಸರ್ವೀಸ್ ಯಾವ ಮಷೀನ್‌ನಲ್ಲಿದೆ ಎಂದು ಲೆಕ್ಕ ಇಡುವ ಹ್ಯಾಶಿಕಾರ್ಪ್‌ನ ಟೂಲ್) ಕ್ಲಸ್ಟರ್ ಇದೆ. 3 ಸರ್ವರ್, 40 ಕ್ಲೈಂಟ್. ಎಸಿಎಲ್ (ಯಾರಿಗೆ ಏನು ಅನುಮತಿ ಎಂಬ ನಿಯಂತ್ರಣ) ಇನ್ನೂ ಆನ್ ಮಾಡಿಲ್ಲ. ದಿನದಲ್ಲಿ ಕೆಲವು ಸಲ ಯಾವುದಾದರೂ ಒಂದು ಕ್ಲೈಂಟ್ ನೋಡ್ ‘ಫೇಲ್ಡ್’ ಆಗುತ್ತದೆ. ಸ್ವಲ್ಪ ಹೊತ್ತಿಗೆ ತಾನಾಗಿಯೇ ‘ಅಲೈವ್’ ಆಗುತ್ತದೆ. ಅಷ್ಟರಲ್ಲಿ ಅದರ ಮೇಲಿದ್ದ ಸರ್ವೀಸ್‌ಗಳು ಡಿಎನ್‌ಎಸ್‌ನಿಂದ ಮಾಯ. ‘ಕಾನ್ಸಲ್ ಡಿಬಗ್’ ಓಡಿಸಿ ಅಂದರು. ಲ್ಯಾಪ್‌ಟಾಪ್‌ನಿಂದಲೇ ಲೋಡ್ ಬ್ಯಾಲೆನ್ಸರ್ ವಿಳಾಸ ಕೊಟ್ಟು ಓಡಿಸಿದೆ. ಒಂದು ಟಾರ್ ಫೈಲ್ ಬಂತು. ಅದರಲ್ಲಿ ಪ್ರೊಫೈಲ್ ಇಲ್ಲ, ಲಾಗ್‌ನಲ್ಲೂ ವಿಶೇಷ ಏನೂ ಕಾಣಲಿಲ್ಲ. ಇದನ್ನು ಸರಿಯಾಗಿ ಬಳಸುವುದು ಹೇಗೆ? ಪ್ರೊಡಕ್ಷನ್‌ಗೆ ತೊಂದರೆ ಆಗುತ್ತದೆಯೇ? ಈ ಫೈಲನ್ನು ಹೊರಗಿನವರಿಗೆ ಕಳಿಸಬಹುದೇ?

ಉತ್ತರ:

ನಿಮ್ಮ ಟೂಲ್ ಸರಿ ಇದೆ. ನೀವು ಕೇಳಿದ ಏಜೆಂಟ್ (ಪ್ರತಿ ನೋಡ್‌ನಲ್ಲೂ ಓಡುವ ಕಾನ್ಸಲ್ ಪ್ರಕ್ರಿಯೆ) ಮತ್ತು ಕೇಳಿದ ಹೊತ್ತು ಎರಡೂ ತಪ್ಪಿವೆ.

‘ಕಾನ್ಸಲ್ ಡಿಬಗ್’ ಅಂದ ತಕ್ಷಣ ಇಡೀ ಕ್ಲಸ್ಟರ್‌ನ ಮಾಹಿತಿ ಬರುತ್ತದೆ ಎಂದು ಜಾಸ್ತಿ ಜನ ಅಂದುಕೊಳ್ಳುತ್ತಾರೆ. ಹಾಗಲ್ಲ. ಅದು ಮಾತಾಡುವುದು ಒಂದೇ ಒಂದು ಏಜೆಂಟ್ ಜೊತೆ. ವಿಳಾಸ ಕೊಡದಿದ್ದರೆ ಅದೇ ಮಷೀನ್‌ನ 127.0.0.1, ಪೋರ್ಟ್ 8500. ‘-ಎಚ್‌ಟಿಟಿಪಿ-ಆ್ಯಡರ್’ ಕೊಟ್ಟರೆ ಆ ವಿಳಾಸದಲ್ಲಿರುವ ಏಜೆಂಟ್. ಅಷ್ಟೇ. ಅಲ್ಲಿಂದ ಬೇರೆ ನೋಡ್‌ಗಳಿಗೆ ಹೋಗಿ ಏನನ್ನೂ ತರುವುದಿಲ್ಲ. ಕ್ಲಸ್ಟರ್ ಬಗ್ಗೆ ಸಿಗುವುದು ಸದಸ್ಯರ ಪಟ್ಟಿ ಮಾತ್ರ, ಅದೂ ಆ ಏಜೆಂಟ್‌ಗೆ ಕಂಡಂತೆ.

ಲೋಡ್ ಬ್ಯಾಲೆನ್ಸರ್ ಮೂಲಕ ಹೋದರೆ ಇನ್ನೂ ಕೆಡುತ್ತದೆ. ಈ ಆಜ್ಞೆ ಒಳಗೆ ಹಲವು ಬೇರೆ ಬೇರೆ ಎಚ್‌ಟಿಟಿಪಿ ಕೋರಿಕೆ ಕಳಿಸುತ್ತದೆ. ಏಜೆಂಟ್ ಕಾನ್ಫಿಗರೇಷನ್‌ಗೆ ಒಂದು, ಹೋಸ್ಟ್ ವಿವರಕ್ಕೆ ಒಂದು, ಮೆಟ್ರಿಕ್ಸ್‌ಗೆ ಒಂದು, ಲಾಗ್‌ಗೆ ಒಂದು, ಪ್ರೊಫೈಲ್‌ಗೆ ಇನ್ನಷ್ಟು. ಬ್ಯಾಲೆನ್ಸರ್ ಅವುಗಳನ್ನು ಮೂರು ಸರ್ವರ್‌ಗಳಿಗೆ ಹಂಚಿದರೆ ನಿಮ್ಮ ಕೈಗೆ ಬರುವುದು ಒಬ್ಬರ ಲಾಗ್, ಇನ್ನೊಬ್ಬರ ಮೆಟ್ರಿಕ್ಸ್, ಮತ್ತೊಬ್ಬರ ಹೋಸ್ಟ್ ವಿವರ. ಎಲ್ಲವೂ ಒಂದೇ ಟಾರ್‌ನಲ್ಲಿ ಅಚ್ಚುಕಟ್ಟಾಗಿ ಕೂತಿರುತ್ತವೆ, ಆದ್ದರಿಂದ ಅನುಮಾನವೂ ಬರುವುದಿಲ್ಲ. ನಿಮ್ಮ ಹತ್ತಿರ ಈಗ ಇರುವ ಫೈಲನ್ನು ಪಕ್ಕಕ್ಕಿಡಿ. ಮುಂದಿನ ಸಲ ಆಯಾ ನೋಡ್‌ಗೆ ಎಸ್‌ಎಸ್‌ಎಚ್ ಮಾಡಿ ಅಲ್ಲೇ ಓಡಿಸಿ. ಓಡಿಸುವ ಮುಂಚೆ ‘ಕಾನ್ಸಲ್_ಎಚ್‌ಟಿಟಿಪಿ_ಆ್ಯಡರ್’ ಎನ್ವಿರಾನ್ಮೆಂಟ್ ವೇರಿಯಬಲ್ ಎಲ್ಲೋ ಸೆಟ್ ಆಗಿದೆಯೇ ನೋಡಿಕೊಳ್ಳಿ. ಆಗಿದ್ದರೆ ನೀವು ಯಾವ ನೋಡ್‌ನಲ್ಲಿ ಕೂತಿದ್ದರೂ ಆ ವಿಳಾಸಕ್ಕೇ ಹೋಗುತ್ತದೆ.

(ಆಜ್ಞೆ, ಫೈಲ್ ಹೆಸರು ಎಲ್ಲವನ್ನೂ ಇಲ್ಲಿ ಕನ್ನಡದಲ್ಲೇ ಬರೆದಿದ್ದೇನೆ. ಟೈಪ್ ಮಾಡುವಾಗ ಹೇಗೂ ಇಂಗ್ಲಿಷ್ ಅಲ್ವಾ.)

ಇನ್ನು ಯಾವ ಏಜೆಂಟ್ ಅನ್ನು ಕೇಳಬೇಕು ಅನ್ನುವುದು. ನಿಮ್ಮ ಸಮಸ್ಯೆಯ ಗಂಟು ಇರುವುದೇ ಇಲ್ಲಿ, ಹಾಗಾಗಿ ಸ್ವಲ್ಪ ಬಿಡಿಸಿ ಹೇಳುತ್ತೇನೆ.

ಕಾನ್ಸಲ್‌ನಲ್ಲಿ ಯಾವ ನೋಡ್ ಕೂಡ ‘ನಾನು ಫೇಲ್ ಆದೆ’ ಎಂದು ಹೇಳಿಕೊಳ್ಳುವುದಿಲ್ಲ. ಬೇರೆಯವರು ಹೇಳುತ್ತಾರೆ. ಸರ್ವರ್‌ಗಳೇ ಹೇಳಬೇಕು ಅಂತಲೂ ಇಲ್ಲ, ಯಾವ ಕ್ಲೈಂಟ್ ಬೇಕಾದರೂ ಹೇಳಬಹುದು. ಕಾನ್ಸಲ್ ಒಳಗಿರುವ ಮೆಂಬರ್‌ಲಿಸ್ಟ್ ಎಂಬ ಲೈಬ್ರರಿ ಈ ಕೆಲಸ ಮಾಡುತ್ತದೆ. ಅದರ ಬುಡದಲ್ಲಿರುವುದು 2002ರಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಅಭಿನಂದನ್ ದಾಸ್, ಇಂದ್ರನಿಲ್ ಗುಪ್ತ ಮತ್ತು ಆಶಿಶ್ ಮೋತಿವಾಲಾ ಬರೆದ ಸ್ವಿಮ್ ಎಂಬ ಪ್ರೋಟೊಕಾಲ್.

ಡಿಫಾಲ್ಟ್ ಲ್ಯಾನ್ ಸೆಟ್ಟಿಂಗ್‌ನಲ್ಲಿ ಪ್ರತಿ ಏಜೆಂಟ್ ಸೆಕೆಂಡಿಗೊಮ್ಮೆ ಇನ್ನೊಂದು ನೋಡ್ ಅನ್ನು ಆರಿಸಿಕೊಂಡು ಯುಡಿಪಿಯಲ್ಲಿ ಪಿಂಗ್ ಮಾಡುತ್ತದೆ. 500 ಮಿಲಿಸೆಕೆಂಡ್‌ನಲ್ಲಿ ಉತ್ತರ ಬರಬೇಕು. ಬರದಿದ್ದರೆ ಬೇರೆ 3 ನೋಡ್‌ಗಳಿಗೆ ‘ನೀವು ಒಮ್ಮೆ ಪಿಂಗ್ ಮಾಡಿ ನೋಡಿ’ ಎನ್ನುತ್ತದೆ. ಜೊತೆಗೆ ತಾನೇ ಟಿಸಿಪಿಯಲ್ಲೂ ಪ್ರಯತ್ನಿಸುತ್ತದೆ. ಯಾವುದೂ ಆಗದಿದ್ದರೆ ಆ ನೋಡ್ ಮೇಲೆ ‘ಸಸ್ಪೆಕ್ಟ್’ ಎಂಬ ದೂರು ಹುಟ್ಟುತ್ತದೆ, ಆ ದೂರು ಗಾಸಿಪ್ ಮೂಲಕ, ಅಂದರೆ ಒಂದು ನೋಡ್‌ನಿಂದ ಇನ್ನೊಂದಕ್ಕೆ ಬಾಯಿಂದ ಬಾಯಿಗೆ ಎಂಬಂತೆ, ಎಲ್ಲ ಕಡೆ ಹರಡುತ್ತದೆ. ದೂರಿಗೆ ಸಿಕ್ಕ ನೋಡ್‌ಗೆ ಅದು ತಲುಪಿದರೆ ‘ಇಲ್ಲ, ನಾನು ಇದ್ದೇನೆ’ ಎಂದು ಅಲ್ಲಗಳೆಯಲು ಅವಕಾಶ ಇದೆ. ಗಡುವಿನ ಒಳಗೆ ಅಲ್ಲಗಳೆಯದಿದ್ದರೆ ‘ಫೇಲ್ಡ್’.

ಗಡುವು ಎಷ್ಟು ಅನ್ನುವುದಕ್ಕೂ ಲೆಕ್ಕ ಇದೆ. ಅದು ನೋಡ್‌ಗಳ ಸಂಖ್ಯೆಯ ಲಾಗರಿದಮ್ ಮೇಲೆ ನಿಂತಿದೆ. ನಿಮ್ಮ 43 ನೋಡ್‌ಗಳಿಗೆ ಕನಿಷ್ಠ ಸುಮಾರು 6.5 ಸೆಕೆಂಡ್ ಬರುತ್ತದೆ. ಬೇರೆ ನೋಡ್‌ಗಳು ಯಾರೂ ದೂರನ್ನು ಅನುಮೋದಿಸದಿದ್ದರೆ ಅದರ 6 ಪಟ್ಟು, ಅಂದರೆ ಸುಮಾರು 39 ಸೆಕೆಂಡ್ ತನಕ ಕಾಯುತ್ತದೆ. ಇನ್ನೂ ಇಬ್ಬರು ‘ಹೌದು, ನನಗೂ ಸಿಗುತ್ತಿಲ್ಲ’ ಎಂದರೆ ಗಡುವು ಕನಿಷ್ಠಕ್ಕೆ ಇಳಿಯುತ್ತದೆ.

ಈಗ ಯೋಚಿಸಿ. ಒಂದು ನೋಡ್ ಫೇಲ್ ಆಯಿತು ಎಂಬ ಸುದ್ದಿಗೆ ಎರಡು ಕಾರಣ ಇರಬಹುದು. ದೂರಿಗೆ ಸಿಕ್ಕವನು ನಿಜವಾಗಿ ಉತ್ತರ ಕೊಡದಿರಬಹುದು. ಅಥವಾ ಉತ್ತರ ಬಂದಿದ್ದರೂ ಅದನ್ನು ಓದಲು ದೂರು ಕೊಟ್ಟವನಿಗೇ ಸಿಪಿಯು ಸಿಗದಿರಬಹುದು. ಎರಡನೆಯದು ಅಪರೂಪ ಅಂದುಕೊಳ್ಳಬೇಡಿ. ಹ್ಯಾಶಿಕಾರ್ಪ್‌ನವರು 2017ರಲ್ಲಿ ಲೈಫ್‌ಗಾರ್ಡ್ ಎಂಬ ಹೆಸರಿನಲ್ಲಿ ಸ್ವಿಮ್‌ಗೆ ಮಾಡಿದ ತಿದ್ದುಪಡಿಗಳ ಬಗ್ಗೆ ಪ್ರಬಂಧ ಬರೆದರು. ನಿಧಾನವಾಗಿರುವ ನೋಡ್ ಆರೋಗ್ಯವಾಗಿರುವ ನೋಡ್ ಮೇಲೆ ಸುಳ್ಳು ದೂರು ಹೇಳುವುದೇ ಅದರ ವಿಷಯ. ಆ ತಿದ್ದುಪಡಿಗಳಿಂದ ಸುಳ್ಳು ದೂರು ಬಹಳ ಕಡಿಮೆಯಾಯಿತು. ಪೂರ್ತಿ ಹೋಗಿಲ್ಲ.

ಹಾಗಾಗಿ ‘ಫೇಲ್ಡ್’ ಆದ ನೋಡ್ ಮೇಲೆ ಮಾತ್ರ ಡಿಬಗ್ ಓಡಿಸಿದರೆ ಕೆಲವು ಸಲ ಪೂರ್ತಿ ಆರೋಗ್ಯವಂತ ಏಜೆಂಟ್‌ನ ಫೈಲ್ ಓದುತ್ತಾ ಕೂರಬೇಕಾಗುತ್ತದೆ. ಸರ್ವರ್ ಮೇಲೆ ಓಡಿಸಿದರೆ ಇಬ್ಬರನ್ನೂ ಬಿಟ್ಟು ಮೂರನೆಯವರ ಹೇಳಿಕೆ ಪಡೆದಂತೆ.

ದೂರು ಕೊಟ್ಟವರನ್ನು ಹುಡುಕುವುದು ಸುಲಭ. ಇದಕ್ಕೆ ಡಿಬಗ್ ಕೂಡ ಬೇಡ, ಹಳೆಯ ಲಾಗ್ ಸಾಕು. ಬೇಕಾದ ಸಾಲುಗಳು ಮಾಮೂಲಿ ಇನ್ಫೋ ಮತ್ತು ವಾರ್ನ್ ಮಟ್ಟದಲ್ಲೇ ಇರುತ್ತವೆ. ಇವತ್ತೇ ಮಾಡಿ. ಈಚೆಗೆ ಫೇಲ್ ಆಗಿ ಮರಳಿದ ನೋಡ್‌ಗೆ ಹೋಗಿ, ಜರ್ನಲ್‌ಸಿಟಿಎಲ್‌ನಲ್ಲಿ ಕಾನ್ಸಲ್ ಯೂನಿಟ್‌ನ ಲಾಗ್ ತೆಗೆದು ‘ರೆಫ್ಯೂಟಿಂಗ್’ ಎಂಬ ಪದಕ್ಕೆ ಗ್ರೆಪ್ ಹಾಕಿ. ‘ರೆಫ್ಯೂಟಿಂಗ್ ಎ ಸಸ್ಪೆಕ್ಟ್ ಮೆಸೇಜ್’ ಎಂಬ ಸಾಲು ಸಿಗುತ್ತದೆ. ಅದರ ಪಕ್ಕದ ಕಂಸದಲ್ಲಿ ‘ಫ್ರಮ್’ ಎಂದು ದೂರು ಕೊಟ್ಟವರ ಹೆಸರೇ ಇರುತ್ತದೆ. ತಡವಾಗಿ ತಿಳಿದಿದ್ದರೆ ‘ಸಸ್ಪೆಕ್ಟ್’ ಜಾಗದಲ್ಲಿ ‘ಡೆಡ್’ ಎಂದಿರುತ್ತದೆ.

ಆ ಹೆಸರುಗಳನ್ನು ಪಟ್ಟಿ ಮಾಡಿ. ಬೇರೆ ಬೇರೆ ನೋಡ್‌ಗಳು ಫೇಲ್ ಆಗುತ್ತಿದ್ದರೂ ದೂರು ಕೊಟ್ಟವರು ಯಾವಾಗಲೂ ಅದೇ ಒಬ್ಬಿಬ್ಬರಾದರೆ ಹುಳುಕು ಇರುವುದು ಅವರಲ್ಲಿ, ಇಲ್ಲವೇ ಅವರ ನೆಟ್‌ವರ್ಕ್ ದಾರಿಯಲ್ಲಿ. ಫೇಲ್ ಆಗುವುದು ಒಂದೇ ನೋಡ್, ದೂರು ಕೊಡುವವರು ಹತ್ತು ಜನ ಆದರೆ ಆ ನೋಡ್ ನಿಜವಾಗಿ ಬಳಲುತ್ತಿದೆ.

ಇನ್ನೊಂದು ಸಾಲು ಉಳಿದ ನೋಡ್‌ಗಳ ಲಾಗ್‌ನಲ್ಲಿ ಹುಡುಕಿ. ಒಂದು ನೋಡ್ ಅನ್ನು ಫೇಲ್ ಎಂದು ಗುರುತು ಹಾಕುವಾಗ ‘ಸಸ್ಪೆಕ್ಟ್ ಟೈಮ್‌ಔಟ್ ರೀಚ್ಡ್’ ಎಂದು ಬರುತ್ತದೆ, ಪಕ್ಕದಲ್ಲಿ ‘2 ಪಿಯರ್ ಕನ್ಫರ್ಮೇಷನ್ಸ್’ ಎಂಬಂತೆ ಒಂದು ಸಂಖ್ಯೆ. ಆ ಸಂಖ್ಯೆ 2 ಇದ್ದರೆ ಇನ್ನಿಬ್ಬರೂ ಸ್ವತಂತ್ರವಾಗಿ ಒಪ್ಪಿದ್ದಾರೆ. 0 ಇದ್ದರೆ ಒಬ್ಬನ ಮಾತಿನ ಮೇಲೆಯೇ ತೀರ್ಪು ಆಗಿದೆ. ಸೊನ್ನೆ ಕಂಡರೆ ನಾನು ದೂರು ಕೊಟ್ಟವನ ಮಷೀನ್‌ಗೆ ಮೊದಲು ಹೋಗುತ್ತೇನೆ.

ಟಿಸಿಪಿಯಲ್ಲಿ ಸಿಕ್ಕಿತು, ಯುಡಿಪಿಯಲ್ಲಿ ಸಿಗಲಿಲ್ಲ, ನೆಟ್‌ವರ್ಕ್ ಸೆಟ್ಟಿಂಗ್ ನೋಡಿ ಎಂಬ ಅರ್ಥದ ಎಚ್ಚರಿಕೆಯೂ ಕೆಲವು ಸಲ ಕಾಣುತ್ತದೆ. ಅದು ಕಂಡರೆ ಮೊದಲು ಫೈರ್‌ವಾಲ್ ನೋಡಿ. 8301 ಪೋರ್ಟ್‌ನ ಟಿಸಿಪಿ ಮಾತ್ರ ತೆರೆದು ಯುಡಿಪಿ ಮರೆತಿರಬಹುದು. ಎರಡೂ ಬೇಕು, ಎರಡೂ ದಿಕ್ಕಿನಲ್ಲೂ ಬೇಕು.

ಇಷ್ಟು ಗೊತ್ತಾದ ಮೇಲೆ ಡಿಬಗ್‌ಗೆ ಬರೋಣ. ಈಗ ನಿಮ್ಮ ಹತ್ತಿರ ಮೂರು ಹೆಸರು ಇವೆ: ದೂರಿಗೆ ಸಿಗುವ ನೋಡ್, ದೂರು ಕೊಡುವ ನೋಡ್, ಮತ್ತು ಈ ಹೊತ್ತಿನ ಲೀಡರ್ ಸರ್ವರ್ (ಸರ್ವರ್‌ಗಳು ರಾಫ್ಟ್ ಎಂಬ ಒಮ್ಮತದ ಪ್ರೋಟೊಕಾಲ್‌ನಿಂದ ಆರಿಸಿಕೊಂಡ ಮುಖ್ಯ ಸರ್ವರ್). ಲೀಡರ್ ಯಾರು ಎಂದು ‘ಕಾನ್ಸಲ್ ಆಪರೇಟರ್ ರಾಫ್ಟ್ ಲಿಸ್ಟ್-ಪಿಯರ್ಸ್’ ಹೇಳುತ್ತದೆ. ಮೂರೂ ಕಡೆ ಒಂದೇ ಹೊತ್ತಿಗೆ ಓಡಿಸಬೇಕು. ಗಡಿಯಾರಗಳು ಎನ್‌ಟಿಪಿಯಿಂದ ಹೊಂದಿಕೊಂಡಿರಲಿ. ಅರ್ಧ ಸೆಕೆಂಡಿನ ಗಡುವಿನ ಬಗ್ಗೆ ಮಾತಾಡುವಾಗ ಗಡಿಯಾರದಲ್ಲಿ ಮೂರು ಸೆಕೆಂಡ್ ವ್ಯತ್ಯಾಸ ಇದ್ದರೆ ಯಾರು ಮೊದಲು ಏನು ಹೇಳಿದರು ಅಂತ ಜೋಡಿಸಲು ಆಗುವುದಿಲ್ಲ.

ಹೊತ್ತಿನ ವಿಷಯದಲ್ಲೂ ಒಂದು ತೊಡಕು. ಡಿಬಗ್ ಆಜ್ಞೆ ಓಡಿಸಿದ ಕ್ಷಣದಿಂದ ಮುಂದಕ್ಕೆ ದಾಖಲಿಸುತ್ತದೆ. ಅವಧಿಯನ್ನು ‘-ಡ್ಯುರೇಷನ್’ ಹೇಳುತ್ತದೆ, ಈಚಿನ ಆವೃತ್ತಿಗಳಲ್ಲಿ ಡಿಫಾಲ್ಟ್ 5 ನಿಮಿಷ. ಎಷ್ಟು ಹೊತ್ತಿಗೊಮ್ಮೆ ಮಾದರಿ ತೆಗೆಯಬೇಕು ಅನ್ನುವುದು ‘-ಇಂಟರ್ವಲ್’, ಡಿಫಾಲ್ಟ್ 30 ಸೆಕೆಂಡ್. ಅಂದರೆ ಅಲರ್ಟ್ ಬಂದ ಮೇಲೆ ಲಾಗಿನ್ ಆಗಿ ಓಡಿಸಿದರೆ ಎಲ್ಲ ಮುಗಿದ ಮೇಲಿನ 5 ನಿಮಿಷ ಸಿಗುತ್ತದೆ. ನಿಮಗೆ ಆಗಿದ್ದು ಅದೇ.

‘ಕಾನ್ಸಲ್ ವಾಚ್’ ಬಳಸಿ, ಯಾವುದಾದರೂ ಚೆಕ್ ಕ್ರಿಟಿಕಲ್ ಆದ ತಕ್ಷಣ ಸ್ಕ್ರಿಪ್ಟ್ ಓಡುವಂತೆ ಮಾಡಬಹುದು. ಚಂದದ ಉಪಾಯ, ಆದರೆ ನಿಮ್ಮ ಕೇಸ್‌ಗೆ ನನಗೆ ಒಪ್ಪಿಗೆ ಇಲ್ಲ. ಅದು ಎಚ್ಚರಗೊಳ್ಳುವ ಹೊತ್ತಿಗೆ ಪಿಂಗ್ ತಪ್ಪಿ, ದೂರು ಹರಡಿ, ಗಡುವು ಮುಗಿದಿರುತ್ತದೆ. ನಮಗೆ ಬೇಕಾದದ್ದು ಅದಕ್ಕೆ ಮುಂಚಿನ ಒಂದು ನಿಮಿಷ.

ಅದರ ಬದಲು ಸುಮ್ನೆ ಸುತ್ತು ಹಾಕುತ್ತಾ ದಾಖಲಿಸಿ. ಒಂದು ಸಣ್ಣ ಶೆಲ್ ಲೂಪ್ ಸಾಕು. ಪ್ರತಿ ಸುತ್ತಿನಲ್ಲಿ ‘ಕಾನ್ಸಲ್ ಡಿಬಗ್’ ಅನ್ನು 10 ನಿಮಿಷದ ಅವಧಿಗೆ ಓಡಿಸುವುದು, ಮುಗಿದ ಮೇಲೆ ಎರಡು ಗಂಟೆಗಿಂತ ಹಳೆಯ ಟಾರ್ ಫೈಲ್‌ಗಳನ್ನು ಅಳಿಸುವುದು, ಮತ್ತೆ ಶುರು. ಆದರೆ ಎಲ್ಲವನ್ನೂ ಹಿಡಿಯಬೇಡಿ. ‘-ಕ್ಯಾಪ್ಚರ್=ಲಾಗ್ಸ್’, ‘-ಕ್ಯಾಪ್ಚರ್=ಮೆಟ್ರಿಕ್ಸ್’, ‘-ಕ್ಯಾಪ್ಚರ್=ಮೆಂಬರ್ಸ್’ ಎಂದು ಮೂರು ಸಲ ಕೊಟ್ಟರೆ ಆ ಮೂರು ಮಾತ್ರ ಬರುತ್ತವೆ. ‘-ಔಟ್‌ಪುಟ್’ ಕೊಟ್ಟು ಜಾಗ ಇರುವ ಡಿಸ್ಕ್‌ಗೆ ಬರೆಸಿ. ಇಲ್ಲದಿದ್ದರೆ ನೀವು ನಿಂತ ಡೈರೆಕ್ಟರಿಯಲ್ಲೇ ಬರೆಯುತ್ತದೆ. ಕಾನ್ಸಲ್‌ನ ಡೇಟಾ ಡೈರೆಕ್ಟರಿ ಇರುವ ಡಿಸ್ಕ್ ಮಾತ್ರ ಬೇಡ. ಸರ್ವರ್‌ನಲ್ಲಂತೂ ರಾಫ್ಟ್ ಲಾಗ್ ಬರೆಯುವ ಡಿಸ್ಕ್ ಜೊತೆ ಪೈಪೋಟಿ ಬೇಡವೇ ಬೇಡ. ಕಂಟೇನರ್ ಒಳಗಿದ್ದರೆ ಬರೆಯಲು ಅನುಮತಿ ಇರುವ ಜಾಗ ನೋಡಿ, ಪಾಡ್ ಸಾಯುವ ಮುಂಚೆ ಫೈಲನ್ನು ಹೊರಗೆ ಕಾಪಿ ಮಾಡಿಕೊಳ್ಳಿ.

ಇಲ್ಲಿ ಸಿಗುವ ಲಾಗ್‌ಗೂ ಜರ್ನಲ್‌ನಲ್ಲಿರುವ ಲಾಗ್‌ಗೂ ವ್ಯತ್ಯಾಸ ಇದೆ. ಏಜೆಂಟ್ ಕಾನ್ಫಿಗರೇಷನ್‌ನಲ್ಲಿ ನೀವು ಇನ್ಫೋ ಎಂದು ಇಟ್ಟಿದ್ದರೂ ಈಚಿನ ಆವೃತ್ತಿಗಳಲ್ಲಿ ಡಿಬಗ್ ಆಜ್ಞೆ ಟ್ರೇಸ್ ಮಟ್ಟದ ಲಾಗ್ ಹಿಡಿಯುತ್ತದೆ. ಏಜೆಂಟ್ ರೀಸ್ಟಾರ್ಟ್ ಬೇಡ, ನಿಮ್ಮ ಮಾಮೂಲಿ ಲಾಗ್ ಕೂಡ ಉಬ್ಬುವುದಿಲ್ಲ. ‘ಕಾನ್ಸಲ್ ಮಾನಿಟರ್ -ಲಾಗ್-ಲೆವೆಲ್=ಟ್ರೇಸ್’ ಕೂಡ ಅದನ್ನೇ ಮಾಡುತ್ತದೆ, ನೇರವಾಗಿ ಪರದೆ ಮೇಲೆ. ಡಿಬಗ್ ಅಥವಾ ಟ್ರೇಸ್ ಮಟ್ಟದಲ್ಲಿ ಮಾತ್ರ ‘ಪಿಂಗ್ ಫೇಲ್, ಟೈಮ್‌ಔಟ್’ ಎಂಬ ಸಣ್ಣ ಸಾಲುಗಳು ಕಾಣುತ್ತವೆ. ದೂರಿನ ತನಕ ಹೋಗದೆ, ಬೇರೆಯವರು ಪಿಂಗ್ ಮಾಡಿ ಉಳಿಸಿಕೊಂಡ ಪ್ರಸಂಗಗಳು ಅವು. ದಿನಕ್ಕೆ ಕೆಲವು ಸಲ ಫೇಲ್ ಆಗುವ ಕ್ಲಸ್ಟರ್‌ನಲ್ಲಿ ಇಂಥ ಸಾಲುಗಳು ಇಡೀ ದಿನ ಬರುತ್ತಿರಬಹುದು. ಯಾರಿಂದ ಯಾರಿಗೆ ಎಂದು ಎಣಿಸಿ ನೋಡಿ. ಒಂದೇ ರ‍್ಯಾಕ್, ಒಂದೇ ಸಬ್‌ನೆಟ್, ಒಂದೇ ಹೈಪರ್‌ವೈಸರ್ ಹೊರಬೀಳುವುದು ಸಾಮಾನ್ಯ.

ಮೆಟ್ರಿಕ್ಸ್ ಫೈಲ್ ತೆರೆದರೆ ಸಾಗರ. ನಿಮಗೆ ಬೇಕಾದದ್ದು ಬೆರಳೆಣಿಕೆಯಷ್ಟು. ಮೊದಲನೆಯದು ‘ಮೆಂಬರ್‌ಲಿಸ್ಟ್.ಹೆಲ್ತ್.ಸ್ಕೋರ್’. ತನ್ನ ಆರೋಗ್ಯದ ಬಗ್ಗೆ ಏಜೆಂಟ್ ತಾನೇ ಕೊಟ್ಟುಕೊಳ್ಳುವ ಅಂಕ ಇದು. 0 ಎಂದರೆ ಪೂರ್ತಿ ಸರಿ, ಮೇಲೆ ಹೋದಷ್ಟೂ ಕೆಟ್ಟದು. ಲೈಫ್‌ಗಾರ್ಡ್‌ನಿಂದ ಬಂದದ್ದು. ದೂರು ಕೊಟ್ಟ ನೋಡ್‌ನಲ್ಲಿ ಆ ಹೊತ್ತಿಗೆ ಇದು 0ಯಿಂದ ಮೇಲೆದ್ದಿದ್ದರೆ ಅದರ ದೂರನ್ನು ನಂಬುವುದು ಕಷ್ಟ. ‘ಕಾನ್ಸಲ್ ಇನ್ಫೋ’ ಓಡಿಸಿದರೂ ‘ಸರ್ಫ್_ಲ್ಯಾನ್’ ಭಾಗದಲ್ಲಿ ಈ ಅಂಕ ಕಾಣುತ್ತದೆ, ಆದರೆ ಅದು ಆ ಕ್ಷಣದ್ದು ಮಾತ್ರ. ಎರಡನೆಯದು ‘ಸರ್ಫ್.ಮೆಂಬರ್.ಫ್ಲ್ಯಾಪ್’, ಸತ್ತು ಬದುಕಿದ ನೋಡ್‌ಗಳ ಎಣಿಕೆ. ಆಮೇಲೆ ಗಾರ್ಬೇಜ್ ಕಲೆಕ್ಷನ್ ವಿರಾಮ ಮತ್ತು ಗೋರೂಟೀನ್ (ಗೋ ಭಾಷೆಯ ಹಗುರ ಥ್ರೆಡ್) ಸಂಖ್ಯೆ, ಎರಡೂ ‘ರನ್‌ಟೈಮ್’ ಎಂದು ಶುರುವಾಗುತ್ತವೆ. ಸರ್ವರ್‌ನಲ್ಲಾದರೆ ‘ರಾಫ್ಟ್.ಲೀಡರ್.ಲಾಸ್ಟ್‌ಕಾಂಟ್ಯಾಕ್ಟ್’ 200 ಮಿಲಿಸೆಕೆಂಡ್ ಒಳಗೆ ಇದೆಯೇ ನೋಡಿ.

ಹೋಸ್ಟ್ ವಿವರದ ಫೈಲ್ ಮೇಲೆ ಜಾಸ್ತಿ ಭರವಸೆ ಬೇಡ. ಮೆಮೊರಿ ಎಷ್ಟು, ಡಿಸ್ಕ್ ಎಷ್ಟು, ಸಿಪಿಯು ಯಾವುದು ಎಂಬ ಒಂದು ಸಲದ ಚಿತ್ರ ಅದು. ಆ ಎರಡು ಸೆಕೆಂಡ್ ಸಿಪಿಯು ಸಿಕ್ಕಿತೇ ಇಲ್ಲವೇ ಎಂದು ಅದು ಹೇಳುವುದಿಲ್ಲ. ಅದಕ್ಕೆ ಕಾನ್ಸಲ್ ಹೊರಗೆ ನೋಡಬೇಕು. ವರ್ಚುವಲ್ ಮಷೀನ್ ಆದರೆ ‘ವಿಎಂಸ್ಟ್ಯಾಟ್’ನಲ್ಲಿ ಸ್ಟೀಲ್ ಕಾಲಂ ನೋಡಿ. ಕಂಟೇನರ್ ಆದರೆ ಸಿಗ್ರೂಪ್‌ನ ‘ಸಿಪಿಯು.ಸ್ಟ್ಯಾಟ್’ ಫೈಲ್‌ನಲ್ಲಿ ‘ಎನ್ಆರ್_ಥ್ರಾಟಲ್ಡ್’ ಏರುತ್ತಿದೆಯೇ ನೋಡಿ. ಬರ್ಸ್ಟ್ ಕ್ರೆಡಿಟ್ ಮೇಲೆ ಓಡುವ ಅಗ್ಗದ ಕ್ಲೌಡ್ ಮಷೀನ್ ಆದರೆ ಕ್ರೆಡಿಟ್ ಮುಗಿದಿದೆಯೇ ನೋಡಿ. ರಾತ್ರಿ ಬ್ಯಾಕಪ್ ಸ್ನ್ಯಾಪ್‌ಶಾಟ್ ಹೊತ್ತಿಗೇ ಫೇಲ್ ಆಗುತ್ತಿದ್ದರೆ ಹೈಪರ್‌ವೈಸರ್ ಆ ಮಷೀನನ್ನು ಕೆಲವು ಸೆಕೆಂಡ್ ನಿಲ್ಲಿಸುತ್ತಿರಬಹುದು. ನಾನು ನೋಡಿದ ಫ್ಲ್ಯಾಪಿಂಗ್‌ಗಳಲ್ಲಿ ನೆಟ್‌ವರ್ಕ್‌ಗಿಂತ ಇಂಥ ಸಿಪಿಯು ಬರಗಾಲವೇ ಜಾಸ್ತಿ. ಆದರೂ ಎಲ್ಲರೂ ಮೊದಲು ಬೈಯುವುದು ನೆಟ್‌ವರ್ಕ್ ತಂಡವನ್ನು.

ಈಗ ನಿಮ್ಮ ಫೈಲ್‌ನಲ್ಲಿ ಇರದ ಪ್ರೊಫೈಲ್. ಪಿಪ್ರಾಫ್ ಅಂದರೆ ಗೋ ಭಾಷೆಯ ಪ್ರೋಗ್ರಾಂಗಳು ತಮ್ಮ ಒಳಗಿನ ಕೆಲಸವನ್ನು ತೋರಿಸುವ ಸೌಲಭ್ಯ. ಹೀಪ್, ಗೋರೂಟೀನ್, ಸಿಪಿಯು ಪ್ರೊಫೈಲ್ ಮತ್ತು ಟ್ರೇಸ್ ಬರುತ್ತವೆ. ಇದು ಸಿಗಲು ಎರಡರಲ್ಲಿ ಒಂದು ಇರಬೇಕು. ಎಸಿಎಲ್ ಆನ್ ಇದ್ದು ನಿಮ್ಮ ಟೋಕನ್‌ಗೆ ‘ಆಪರೇಟರ್:ರೀಡ್’ ಅನುಮತಿ ಇರಬೇಕು, ಅಥವಾ ಏಜೆಂಟ್ ಕಾನ್ಫಿಗರೇಷನ್‌ನಲ್ಲಿ ‘ಎನೇಬಲ್_ಡಿಬಗ್’ ಟ್ರೂ ಆಗಿರಬೇಕು. ನಿಮ್ಮಲ್ಲಿ ಎರಡೂ ಇಲ್ಲ, ಆದ್ದರಿಂದ ಅದು ಒಂದು ಎಚ್ಚರಿಕೆ ತೋರಿಸಿ ಉಳಿದದ್ದನ್ನು ಮಾತ್ರ ಹಿಡಿದಿದೆ. ಆ ಎಚ್ಚರಿಕೆ ಪರದೆ ಮೇಲೆ ಒಮ್ಮೆ ಬಂದು ಹೋಗುತ್ತದೆ, ಗಮನ ತಪ್ಪುವುದು ಸಹಜ.

‘ಎನೇಬಲ್_ಡಿಬಗ್’ ಬದಲಿಸಿದರೆ ಹಳೆಯ ಆವೃತ್ತಿಗಳಲ್ಲಿ ಏಜೆಂಟ್ ರೀಸ್ಟಾರ್ಟ್ ಆಗಲೇಬೇಕು, ‘ಕಾನ್ಸಲ್ ರೀಲೋಡ್’ ಸಾಲದು. ಇದು ಕಿರಿಕಿರಿ. ಏಜೆಂಟ್ ನರಳುತ್ತಿರುವಾಗ ಪ್ರೊಫೈಲ್ ಬೇಕು, ಪ್ರೊಫೈಲ್‌ಗೆ ರೀಸ್ಟಾರ್ಟ್ ಬೇಕು, ರೀಸ್ಟಾರ್ಟ್ ಆದರೆ ನರಳಾಟವೇ ಹೋಗಿಬಿಡಬಹುದು. ಹಾಗಾಗಿ ಸಮಸ್ಯೆ ಇಲ್ಲದ ದಿನವೇ ಆನ್ ಮಾಡಿಟ್ಟುಕೊಳ್ಳಿ. ಎಲ್ಲ 43ರಲ್ಲೂ ಬೇಡ, ಮೂರು ಸರ್ವರ್ ಮತ್ತು ಅನುಮಾನದ ಕ್ಲೈಂಟ್‌ಗಳಲ್ಲಿ ಸಾಕು. ರೀಸ್ಟಾರ್ಟ್ ಮಾಡುವಾಗ ಒಂದು ನೆನಪಿರಲಿ. ಡಿಫಾಲ್ಟ್ ಸೆಟ್ಟಿಂಗ್‌ನಲ್ಲಿ ಕ್ಲೈಂಟ್ ಏಜೆಂಟ್‌ಗೆ ಸಿಗ್‌ಟರ್ಮ್ ಬಂದರೆ ಅದು ಕ್ಲಸ್ಟರ್‌ಗೆ ಹೇಳಿಯೇ ಹೊರಡುತ್ತದೆ. ಮರಳಿ ಬರುವ ತನಕ ಅದರ ಸರ್ವೀಸ್‌ಗಳು ಕ್ಯಾಟಲಾಗ್‌ನಲ್ಲಿ ಇರುವುದಿಲ್ಲ. ಒಂದು ಸರ್ವೀಸ್‌ನ ಎಲ್ಲ ಪ್ರತಿಗಳಿರುವ ನೋಡ್‌ಗಳನ್ನು ಒಟ್ಟಿಗೆ ರೀಸ್ಟಾರ್ಟ್ ಮಾಡಿದರೆ ನೀವು ಹುಡುಕುತ್ತಿರುವ ಸಮಸ್ಯೆಯನ್ನು ನೀವೇ ಮಾಡಿದಂತಾಗುತ್ತದೆ. ಸರ್ವರ್‌ಗಳನ್ನು ಒಂದೊಂದಾಗಿ, ಪ್ರತಿ ಸಲ ರಾಫ್ಟ್ ಪಟ್ಟಿ ನೋಡಿಕೊಂಡು.

ಎಸಿಎಲ್ ಇಲ್ಲದೆ ಇದನ್ನು ಆನ್ ಮಾಡಿದರೆ 8500 ಪೋರ್ಟ್ ತಲುಪುವ ಯಾರು ಬೇಕಾದರೂ ಪ್ರೊಫೈಲ್ ತೆಗೆಯಬಹುದು. ಆ ಪೋರ್ಟ್ ಲೋಕಲ್‌ಹೋಸ್ಟ್‌ಗೆ ಮಾತ್ರ ಕೇಳುತ್ತಿದ್ದರೆ ಚಿಂತೆ ಇಲ್ಲ. ನಿಮ್ಮಲ್ಲಿ ಲೋಡ್ ಬ್ಯಾಲೆನ್ಸರ್ ಹಿಂದೆ ಇರುವುದರಿಂದ ಸರ್ವರ್‌ಗಳಲ್ಲಂತೂ ಹಾಗೆ ಇಲ್ಲ ಎಂದು ಕಾಣುತ್ತದೆ. ನೋಡಿಕೊಂಡು ಮಾಡಿ. ಮುಂದೆ ಎಸಿಎಲ್ ಆನ್ ಮಾಡಿದಾಗ ಡಿಬಗ್‌ಗೆಂದೇ ಒಂದು ಟೋಕನ್ ಇಟ್ಟುಕೊಳ್ಳಿ: ಆಪರೇಟರ್ ರೀಡ್, ಏಜೆಂಟ್ ರೀಡ್, ನೋಡ್ ರೀಡ್. ಬರೆಯುವ ಅನುಮತಿ ಯಾವುದೂ ಬೇಡ.

ಫ್ಲ್ಯಾಪಿಂಗ್‌ಗೆ ಸಿಪಿಯು ಪ್ರೊಫೈಲ್ ಯಾಕೆ ಬೇಕು ಎಂದು ಕೇಳಬಹುದು. ಏಜೆಂಟ್ ಪ್ರಕ್ರಿಯೆಯೇ ಸಿಪಿಯು ತಿನ್ನುತ್ತಿದ್ದರೆ ಯಾವ ಫಂಕ್ಷನ್ ತಿನ್ನುತ್ತಿದೆ ಎಂದು ಬೇರೆ ಯಾವ ಫೈಲೂ ಹೇಳುವುದಿಲ್ಲ. ಇದಕ್ಕೆ ದೊಡ್ಡ ಉದಾಹರಣೆ ಗೇಮಿಂಗ್ ಕಂಪನಿ ರೋಬ್ಲಾಕ್ಸ್‌ನದು. 2021ರ ಅಕ್ಟೋಬರ್ 28ರಂದು ಶುರುವಾದ ಅವರ ಔಟೇಜ್ 73 ಗಂಟೆ ನಡೆಯಿತು. ಹೃದಯದಲ್ಲಿ ಇದ್ದದ್ದು ಕಾನ್ಸಲ್ ಕ್ಲಸ್ಟರ್. ಸಾಮಾನ್ಯವಾಗಿ 300 ಮಿಲಿಸೆಕೆಂಡ್ ಒಳಗೆ ಆಗುತ್ತಿದ್ದ ಕೀ-ವ್ಯಾಲ್ಯೂ ಬರವಣಿಗೆ 2 ಸೆಕೆಂಡ್‌ಗೆ ಹೋಯಿತು. ಹಾರ್ಡ್‌ವೇರ್ ಅನುಮಾನ ಬಂದು 64 ಕೋರ್ ಮಷೀನ್‌ಗಳಿಂದ 128 ಕೋರ್ ಮಷೀನ್‌ಗಳಿಗೆ ಬದಲಿಸಿದರು. ಸುಧಾರಿಸುವ ಬದಲು ಬಿಗಡಾಯಿಸಿತು. ಕೊನೆಗೆ ಪರ್ಫ್ ವರದಿ ಮತ್ತು ಫ್ಲೇಮ್ ಗ್ರಾಫ್ ನೋಡಿದಾಗ ಕಾರಣ ಹೊರಬಂತು. ಕಾನ್ಸಲ್‌ನ ಸ್ಟ್ರೀಮಿಂಗ್ ಎಂಬ ಹೊಸ ಸೌಲಭ್ಯದಲ್ಲಿ ತುಂಬಾ ಓದು ಮತ್ತು ಬರವಣಿಗೆ ಒಟ್ಟಿಗೆ ಬಂದಾಗ ಎಲ್ಲರೂ ಒಂದೇ ಗೋ ಚಾನೆಲ್‌ಗೆ ಮುಗಿಬೀಳುತ್ತಿದ್ದರು. ಕೋರ್ ಜಾಸ್ತಿಯಾದಷ್ಟೂ ನೂಕುನುಗ್ಗಲು ಜಾಸ್ತಿ. ಸ್ಟ್ರೀಮಿಂಗ್ ಆಫ್ ಮಾಡಿದ ಮೇಲೆ ಬರವಣಿಗೆ ಮತ್ತೆ 300 ಮಿಲಿಸೆಕೆಂಡ್‌ಗೆ ಇಳಿಯಿತು.

ಆದರೂ ಕೆಲವು ಲೀಡರ್‌ಗಳು ನಿಧಾನವಾಗಿಯೇ ಉಳಿದವು. ಅದು ಬೇರೆ ಕತೆ: ರಾಫ್ಟ್ ಲಾಗ್ ಇಡುವ ಬೋಲ್ಟ್‌ಡಿಬಿ ಫೈಲ್ 4.2 ಜಿಬಿ ಇತ್ತು, ಅದರಲ್ಲಿ ನಿಜವಾದ ಡೇಟಾ 489 ಎಂಬಿ. ಉಳಿದ ಖಾಲಿ ಪುಟಗಳ ಪಟ್ಟಿಯೇ 7.8 ಎಂಬಿ ಆಗಿತ್ತು. 16 ಕೆಬಿಯಷ್ಟು ಲಾಗ್ ಸೇರಿಸುವಾಗಲೂ ಆ ಇಡೀ ಪಟ್ಟಿಯನ್ನು ಮತ್ತೆ ಡಿಸ್ಕ್‌ಗೆ ಬರೆಯಬೇಕಿತ್ತು. ಗ್ರಾಫ್‌ಗಳಲ್ಲಿ ಎರಡೂ ಒಂದೇ ತರ, ‘ಕಾನ್ಸಲ್ ನಿಧಾನ’ ಎಂದಷ್ಟೇ ಕಾಣುತ್ತವೆ. ಅವರ ವರದಿಯಲ್ಲಿ ಇನ್ನೊಂದು ವಿಷಯವೂ ಇದೆ. ಕಾರಣ ತೋರಿಸಬೇಕಾಗಿದ್ದ ಮುಖ್ಯ ಮಾನಿಟರಿಂಗ್ ವ್ಯವಸ್ಥೆಗಳೇ ಕಾನ್ಸಲ್ ಮೇಲೆ ನಿಂತಿದ್ದವು, ಹಾಗಾಗಿ ಅವೂ ಕುರುಡಾಗಿದ್ದವು. ನಿಮ್ಮ ಪ್ರೊಮಿಥಿಯಸ್ ಟಾರ್ಗೆಟ್‌ಗಳನ್ನು ಕಾನ್ಸಲ್‌ನಿಂದ ಪಡೆಯುತ್ತಿದ್ದರೆ ಒಮ್ಮೆ ಯೋಚಿಸಿ.

ಪ್ರೊಫೈಲ್ ಓದಲು ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಗೋ ಇನ್‌ಸ್ಟಾಲ್ ಆಗಿದ್ದರೆ ಸಾಕು. ‘ಗೋ ಟೂಲ್ ಪಿಪ್ರಾಫ್ -ಟಾಪ್ ಪ್ರೊಫೈಲ್.ಪ್ರಾಫ್’ ಎಂದರೆ ಸಿಪಿಯು ತಿಂದವರ ಪಟ್ಟಿ ಬರುತ್ತದೆ. ‘-ಎಚ್‌ಟಿಟಿಪಿ’ ಕೊಟ್ಟು ಒಂದು ಪೋರ್ಟ್ ಹೇಳಿದರೆ ಬ್ರೌಸರ್‌ನಲ್ಲಿ ಫ್ಲೇಮ್ ಗ್ರಾಫ್. ಕಾನ್ಸಲ್ ಕೋಡ್ ಗೊತ್ತಿಲ್ಲದಿದ್ದರೂ ಪ್ಯಾಕೇಜ್ ಹೆಸರುಗಳು ದಾರಿ ತೋರಿಸುತ್ತವೆ: ಬೋಲ್ಟ್, ಟಿಎಲ್‌ಎಸ್, ಗಾರ್ಬೇಜ್ ಕಲೆಕ್ಷನ್, ಜೇಸನ್. ನಿಮ್ಮ ಕೇಸ್‌ನಲ್ಲಿ ಮೊದಲು ಲಾಗ್ ಮತ್ತು ಮೆಟ್ರಿಕ್ಸ್ ಓದಿ. ಏಜೆಂಟ್ ಸುಮ್ಮನಿದ್ದು ಪಕ್ಕದ ಯಾವುದೋ ಜಾವಾ ಪ್ರಕ್ರಿಯೆ ಸಿಪಿಯು ನುಂಗಿದ್ದರೆ ಕಾನ್ಸಲ್‌ನ ಪ್ರೊಫೈಲ್‌ನಲ್ಲಿ ಏನೂ ಇರುವುದಿಲ್ಲ.

ಪ್ರೊಡಕ್ಷನ್‌ಗೆ ತೊಂದರೆ? ಲಾಗ್, ಮೆಟ್ರಿಕ್ಸ್ ಹಿಡಿಯುವುದು ಹಗುರ. ಸಿಪಿಯು ಪ್ರೊಫೈಲ್ ಕೂಡ ಸೆಕೆಂಡಿಗೆ 100 ಸಲ ಮಾದರಿ ತೆಗೆಯುವುದಷ್ಟೇ. ಭಾರ ಇರುವುದು ಟ್ರೇಸ್‌ನಲ್ಲಿ. ಅದು ಪ್ರತಿ ಗೋರೂಟೀನ್ ಏಳುವುದು, ಮಲಗುವುದು ಎಲ್ಲವನ್ನೂ ಬರೆಯುತ್ತದೆ. ಬ್ಯುಸಿ ಸರ್ವರ್‌ನಲ್ಲಿ ಫೈಲ್ ಬೇಗ ದೊಡ್ಡದಾಗುತ್ತದೆ. ಪಿಪ್ರಾಫ್ ಬೇಕಾದಾಗ ಅದನ್ನು ಸುತ್ತು ಹಾಕುವ ಲೂಪ್‌ಗೆ ಸೇರಿಸಬೇಡಿ. ಬೇರೆಯಾಗಿ, ‘-ಡ್ಯುರೇಷನ್’ 30 ಸೆಕೆಂಡ್, ‘-ಇಂಟರ್ವಲ್’ 10 ಸೆಕೆಂಡ್ ಕೊಟ್ಟು ಓಡಿಸಿ. ಅವಧಿ ಕನಿಷ್ಠ 10 ಸೆಕೆಂಡ್ ಇರಬೇಕು, ಇಂಟರ್ವಲ್‌ಗಿಂತ ದೊಡ್ಡದೂ ಇರಬೇಕು. ಈಗಾಗಲೇ ಉಸಿರುಗಟ್ಟಿರುವ ಲೀಡರ್ ಮೇಲೆ ಎಲ್ಲವನ್ನೂ ಒಟ್ಟಿಗೆ ಹಿಡಿಯಲು ಹೋಗಬೇಡಿ.

ಹೊರಗಿನವರಿಗೆ ಕಳಿಸುವ ವಿಷಯ. ಎಸಿಎಲ್ ಟೋಕನ್, ಖಾಸಗಿ ಕೀ ಇಂಥವನ್ನು ಟೂಲ್ ತಾನೇ ತೆಗೆದುಹಾಕುತ್ತದೆ. ಉಳಿದದ್ದು ಹಾಗೇ ಇರುತ್ತದೆ: ನೋಡ್ ಹೆಸರು, ಒಳಗಿನ ಐಪಿ, ಡೇಟಾ ಸೆಂಟರ್ ಹೆಸರು, ಫೈಲ್ ಪಾತ್, ಲಾಗ್‌ನಲ್ಲಿ ಬರುವ ಸರ್ವೀಸ್ ಹೆಸರುಗಳು. ಹೆಲ್ತ್ ಚೆಕ್ ಸ್ಕ್ರಿಪ್ಟ್‌ನ ಯುಆರ್‌ಎಲ್ ಒಳಗೆ ಯಾರಾದರೂ ಪಾಸ್‌ವರ್ಡ್ ತುರುಕಿದ್ದರೆ ಅದನ್ನು ಟೂಲ್ ಗುರುತಿಸಲಿ ಎಂದು ನಂಬಿ ಕೂರಬೇಡಿ. ‘-ಆರ್ಕೈವ್=ಫಾಲ್ಸ್’ ಕೊಟ್ಟರೆ ಟಾರ್ ಮಾಡದೆ ಡೈರೆಕ್ಟರಿಯಾಗಿಯೇ ಬಿಡುತ್ತದೆ. ಒಮ್ಮೆ ಓದಿ, ಬೇಡದ್ದು ಅಳಿಸಿ, ಎನ್‌ಕ್ರಿಪ್ಟ್ ಮಾಡಿ ಕಳಿಸಿ. ಹೀಪ್ ಪ್ರೊಫೈಲ್ ಬಗ್ಗೆ ಹಲವರು ಹೆದರುತ್ತಾರೆ. ಅದರಲ್ಲಿ ಮೆಮೊರಿಯ ಒಳಗಿನ ಡೇಟಾ ಇರುವುದಿಲ್ಲ. ಯಾವ ಫಂಕ್ಷನ್ ಎಷ್ಟು ಮೆಮೊರಿ ಪಡೆಯಿತು ಎಂಬ ಲೆಕ್ಕ ಮಾತ್ರ. ಜಾವಾದ ಹೀಪ್ ಡಂಪ್ ತರ ಅಲ್ಲ.

ನಿಮ್ಮಲ್ಲಿ ನೊಮ್ಯಾಡ್ (ಯಾವ ಕೆಲಸ ಯಾವ ಮಷೀನ್‌ನಲ್ಲಿ ಓಡಬೇಕು ಎಂದು ಹಂಚುವ ಹ್ಯಾಶಿಕಾರ್ಪ್‌ನದೇ ಟೂಲ್) ಕೂಡ ಇದ್ದರೆ ಗೊಂದಲ ಆಗದಿರಲಿ ಎಂದು ಹೇಳುತ್ತೇನೆ. ‘ನೊಮ್ಯಾಡ್ ಆಪರೇಟರ್ ಡಿಬಗ್’ ನಡೆಯುವ ರೀತಿ ಬೇರೆ. ಅದು ಒಂದೇ ಜಾಗದಿಂದ ಸರ್ವರ್‌ಗಳನ್ನೂ ಕ್ಲೈಂಟ್‌ಗಳನ್ನೂ ತಲುಪುತ್ತದೆ. ಯಾವ ಸರ್ವರ್, ಯಾವ ಕ್ಲೈಂಟ್ ಎಂದು ಆಯ್ಕೆಯನ್ನೂ ಕೊಡಬಹುದು. ಕ್ಲೈಂಟ್‌ಗಳಿಗೆ ‘-ಮ್ಯಾಕ್ಸ್-ನೋಡ್ಸ್’ ಮಿತಿ ಇದೆ, ಡಿಫಾಲ್ಟ್ 10. ನೊಮ್ಯಾಡ್ ಬಳಸಿ ಅಭ್ಯಾಸ ಇರುವವರೇ ಕಾನ್ಸಲ್‌ನಲ್ಲೂ ಹಾಗೇ ಇರುತ್ತದೆ ಎಂದುಕೊಂಡು ಒಂದೇ ಕಡೆ ಓಡಿಸುತ್ತಾರೆ. ಕಾನ್ಸಲ್‌ನಲ್ಲಿ ಎಲ್ಲ ಕಡೆ ಓಡಿಸಬೇಕಾದರೆ ಆನ್ಸಿಬಲ್‌ನಂಥದ್ದನ್ನು ಬಳಸಿ. ‘ಕಾನ್ಸಲ್ ಎಕ್ಸೆಕ್’ ಇದೆಯಲ್ಲ ಎನ್ನಬೇಡಿ. ಭದ್ರತೆಯ ಕಾರಣಕ್ಕೆ ಅದನ್ನು ಡಿಫಾಲ್ಟ್ ಆಗಿ ಆಫ್ ಮಾಡಿದ್ದಾರೆ, ಹಾಗೇ ಇರಲಿ.

ಸದ್ಯಕ್ಕೆ ‘ರೆಫ್ಯೂಟಿಂಗ್’ ಸಾಲುಗಳ ಪಟ್ಟಿ ಮತ್ತು ‘ಪಿಯರ್ ಕನ್ಫರ್ಮೇಷನ್ಸ್’ ಸಂಖ್ಯೆ ತೆಗೆಯಿರಿ. ಅದರಲ್ಲಿ ಒಂದೇ ಹೆಸರು ಮತ್ತೆ ಮತ್ತೆ ಬಂದರೆ ಲೂಪ್ ಅನ್ನು ಆ ನೋಡ್‌ನಲ್ಲಿ ಮೊದಲು ಶುರು ಮಾಡಿ. ಮುಂದಿನ ಫ್ಲ್ಯಾಪ್ ಆದ ಮೇಲೂ ಹೆಲ್ತ್ ಸ್ಕೋರ್ ಎರಡೂ ಕಡೆ 0ಯಲ್ಲೇ ಇದ್ದರೆ ಆ 10 ನಿಮಿಷದ ಲಾಗ್ ಎರಡೂ ನೋಡ್‌ಗಳಿಂದ ಕಳಿಸಿ. ಆಗ ನೆಟ್‌ವರ್ಕ್ ಕಡೆ ನೋಡೋಣ.